ಮದುವೆ ಮತ್ತು ಹಬ್ಬದ ಕಾಲದ ಉಡುಪು ಖರೀದಿ: ರೇಷ್ಮೆ, ಕೈಮಗ್ಗ ಹಾಗೂ ಖಾದಿ ಬಟ್ಟೆಗಳ ಗುರುತುಗಳ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ಹೆಮ್ಮಿಗೆ ಹಾಗೂ ಸುತ್ತಲಿನ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಸಾರ್ವಜನಿಕರು ಮದುವೆ, ಜಾತ್ರೆ ಮತ್ತು ಹಬ್ಬಗಳ ಕಾಲದಲ್ಲಿ ಸಾಂಪ್ರದಾಯಿಕ ಬಟ್ಟೆಗಳನ್ನು ಕೊಳ್ಳುವಾಗ ಗಮನಿಸಬೇಕಾದ ಅಂಶಗಳು, ಅಧಿಕೃತ ಗುರುತುಗಳ ಅರ್ಥ ಮತ್ತು ವಂಚನೆಯಾದಲ್ಲಿ ದೂರು ಸಲ್ಲಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಸಾಮಾನ್ಯ ಕುಟುಂಬವೊಂದು ಮದುವೆಯ ಸೀರೆಗಳಿಗಾಗಿ ಒಮ್ಮೆಗೆ ವೆಚ್ಚ ಮಾಡುವ ಹಣವು ಹಲವು ತಿಂಗಳ ಉಳಿತಾಯವಾಗಿರುತ್ತದೆ. ಆದುದರಿಂದ ಅಂಗಡಿಗೆ ಹೋಗುವ ಮೊದಲೇ ಈ ಮಾಹಿತಿಯನ್ನು ಓದಿಕೊಳ್ಳುವುದು ಸೂಕ್ತ.

ಹಿನ್ನೆಲೆ

ಈ ಎರಡು ತಾಲ್ಲೂಕುಗಳು ಬಟ್ಟೆಯನ್ನು ಕೊಳ್ಳುವ ಪ್ರದೇಶಗಳು ಮಾತ್ರವಲ್ಲ, ಬಟ್ಟೆ ಹುಟ್ಟುವ ಪ್ರದೇಶಗಳೂ ಹೌದು. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯು ತಿರುಮಕೂಡಲು ನರಸೀಪುರದಲ್ಲಿದೆ. ಅಲ್ಲಿ ಗೂಡಿನಿಂದ ಬಿಚ್ಚಿದ ನೂಲು ಮೈಸೂರು ನಗರದ ಮಾನಂದವಾಡಿ ರಸ್ತೆಯಲ್ಲಿರುವ ನೇಯ್ಗೆ ಕಾರ್ಖಾನೆಗೆ ಹೋಗುತ್ತದೆ. ನೇಯ್ಗೆ ಕಾರ್ಖಾನೆಯನ್ನು 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಸ್ವಿಟ್ಜರ್ಲೆಂಡಿನಿಂದ ತರಿಸಿದ ಮಗ್ಗಗಳೊಂದಿಗೆ ಸ್ಥಾಪಿಸಿದರು. 1980ರಲ್ಲಿ ಅದು ನಿಗಮಕ್ಕೆ ಸೇರಿತು. ಮೈಸೂರು ರೇಷ್ಮೆ ಸೀರೆ ಎಂದು ಹೆಸರಾಗಿರುವುದು ಈ ಕಾರ್ಖಾನೆಯ ಉತ್ಪನ್ನವೇ.

ನಂಜನಗೂಡು ತಾಲ್ಲೂಕಿನ ಇತಿಹಾಸ ಹತ್ತಿಯದು. ತಗಡೂರು ರಾಮಚಂದ್ರರಾಯರು ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಈ ಭಾಗದ ಹಳ್ಳಿಗಳಲ್ಲಿ ಚರಕವನ್ನು ಪ್ರಚಾರ ಮಾಡಿದರು. ಬದನವಾಳಿನ ಖಾದಿ ಕೇಂದ್ರವು 1927ರಲ್ಲಿ ಆರಂಭವಾಯಿತು. ಕಾಲಕ್ರಮದಲ್ಲಿ ಸೊರಗಿದ ಆ ಕೇಂದ್ರದ ಆವರಣದಲ್ಲೇ 2015ರ ಏಪ್ರಿಲ್ ತಿಂಗಳಲ್ಲಿ ರಂಗಕರ್ಮಿ ಪ್ರಸನ್ನ ಅವರ ನೇತೃತ್ವದ ಬದನವಾಳು ಸತ್ಯಾಗ್ರಹವು ನಡೆದು, ಕೈ ಉತ್ಪನ್ನಗಳ ಅಳಿವು ಉಳಿವಿನ ಪ್ರಶ್ನೆ ರಾಜ್ಯದ ಗಮನ ಸೆಳೆಯಿತು. ನದಿಯ ಆಚೆಗಿನ ಕೊಳ್ಳೇಗಾಲವು ರೇಷ್ಮೆ ನೇಯ್ಗೆಗೂ ಗೂಡಿನ ಮಾರುಕಟ್ಟೆಗೂ ಹಿಂದಿನಿಂದ ಪ್ರಸಿದ್ಧವಾಗಿದೆ.

ಇಷ್ಟು ಸಮೀಪದಲ್ಲಿ ಮೂಲವಿದ್ದರೂ, ಈ ಭಾಗದ ಗ್ರಾಹಕರು ರೇಷ್ಮೆ, ಕೈಮಗ್ಗ, ಖಾದಿ ಎಂಬ ಮೂರು ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವುದು ಸಾಮಾನ್ಯವಾಗಿದೆ. ಬಹುತೇಕ ಮೋಸಗಳು ಈ ಗೊಂದಲದಿಂದಲೇ ಆರಂಭವಾಗುತ್ತವೆ.

ಒಂದು ಗುರುತು ಒಂದು ಪ್ರಶ್ನೆಗೆ ಮಾತ್ರ ಉತ್ತರ

ಬಟ್ಟೆಯೊಂದರ ಬಗ್ಗೆ ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಕೇಳಬಹುದು. ಅದು ಯಾವ ನಾರಿನದು? ಅದು ಎಲ್ಲಿಯದು? ಅದನ್ನು ಹೇಗೆ ನೂತು, ಹೇಗೆ ನೇಯಲಾಯಿತು? ಈ ಮೂರಕ್ಕೂ ಒಟ್ಟಿಗೆ ಉತ್ತರ ನೀಡುವ ಗುರುತು ಯಾವುದೂ ಇಲ್ಲ.

ಸಿಲ್ಕ್ ಮಾರ್ಕ್ ನಾರನ್ನು ಕುರಿತದ್ದು. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಜಾರಿಗೆ ಬಂದ ಈ ಚೀಟಿಯಲ್ಲಿ ಹೊಲೊಗ್ರಾಮ್ ಮತ್ತು ಪ್ರತ್ಯೇಕ ಸಂಖ್ಯೆ ಇರುತ್ತದೆ. ಬಟ್ಟೆ ಶುದ್ಧ ರೇಷ್ಮೆಯದು ಎಂಬುದಷ್ಟನ್ನೇ ಅದು ಹೇಳುತ್ತದೆ. ಆ ರೇಷ್ಮೆ ಕರ್ನಾಟಕದ್ದೇ, ಕೈಮಗ್ಗದ್ದೇ ಎಂಬುದನ್ನು ಅದು ಹೇಳುವುದಿಲ್ಲ. ಜರಿಯ ಶುದ್ಧತೆಗೂ ಅದಕ್ಕೂ ಸಂಬಂಧವಿಲ್ಲ.

ಭೌಗೋಳಿಕ ಸೂಚಕವು ಸ್ಥಳವನ್ನು ಕುರಿತದ್ದು. ಮೈಸೂರು ರೇಷ್ಮೆ, ಇಳಕಲ್ ಸೀರೆ, ಮೊಳಕಾಲ್ಮೂರು ಸೀರೆ, ಉಡುಪಿ ಸೀರೆ, ಗುಳೇದಗುಡ್ಡದ ಖಣ, ಕಸೂತಿ ಮುಂತಾದವು ಹೀಗೆ ನೋಂದಣಿಯಾಗಿವೆ. ಮೈಸೂರು ರೇಷ್ಮೆಯ ನೋಂದಾಯಿತ ಒಡೆತನ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ್ದಾಗಿದೆ. ಭೌಗೋಳಿಕ ಸೂಚಕಗಳ ಅಧಿನಿಯಮ, 1999ರ 39ನೇ ಪ್ರಕರಣದ ಮೇರೆಗೆ ಸೂಚಕವನ್ನು ಸುಳ್ಳಾಗಿ ಬಳಸುವುದು ಅಪರಾಧವಾಗಿದ್ದು, ಆರು ತಿಂಗಳಿಂದ ಮೂರು ವರ್ಷಗಳವರೆಗೆ ಕಾರಾವಾಸ ಹಾಗೂ ಐವತ್ತು ಸಾವಿರದಿಂದ ಎರಡು ಲಕ್ಷ ರೂಪಾಯಿಗಳವರೆಗೆ ದಂಡಕ್ಕೆ ಅವಕಾಶವಿದೆ.

ಕೈಮಗ್ಗದ ಗುರುತು (2006) ಮತ್ತು ಇಂಡಿಯಾ ಹ್ಯಾಂಡ್‌ಲೂಮ್ ಬ್ರಾಂಡ್ (2015) ನೇಯ್ಗೆಯನ್ನು ಕುರಿತವು. ನೂಲು ಗಿರಣಿಯದಾಗಿರಬಹುದು, ಆದರೆ ನೇಯ್ಗೆ ಕೈಮಗ್ಗದಲ್ಲಿ ಆಗಿರಬೇಕು. ಖಾದಿ ಗುರುತು ಇನ್ನೂ ಒಂದು ಹೆಜ್ಜೆ ಮುಂದಿನದು: ನೂಲನ್ನು ಕೈಯಿಂದ ನೂತಿರಬೇಕು, ಬಟ್ಟೆಯನ್ನೂ ಕೈಯಿಂದಲೇ ನೇಯ್ದಿರಬೇಕು. 2013ರ ಖಾದಿ ಗುರುತು ವಿನಿಯಮಗಳ ಪ್ರಕಾರ ಈ ಗುರುತನ್ನು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ನೀಡುತ್ತದೆ. ಎಲ್ಲ ಖಾದಿಯೂ ಕೈಮಗ್ಗದ ಬಟ್ಟೆಯೇ. ಎಲ್ಲ ಕೈಮಗ್ಗದ ಬಟ್ಟೆಯೂ ಖಾದಿಯಲ್ಲ.

ಇಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಸ್ಪಷ್ಟಪಡಿಸುವುದು ಅಗತ್ಯ. ನಿಗಮದ ಮೈಸೂರು ರೇಷ್ಮೆ ಸೀರೆಯು ವಿದ್ಯುತ್ ಮಗ್ಗದಲ್ಲಿ ನೇಯ್ದದ್ದು. ಅದರ ಹೆಸರು, ಬೆಲೆ ಮತ್ತು ಗುಣಮಟ್ಟವನ್ನು ಕಂಡು ಅದನ್ನು ಕೈಮಗ್ಗದ ಸೀರೆ ಎಂದು ಭಾವಿಸುವವರು ಬಹಳ. ಹೀಗಾಗಿ ಯಾರಾದರೂ ವ್ಯಾಪಾರಿಯು ‘ಅಪ್ಪಟ ಕೈಮಗ್ಗದ ಮೈಸೂರು ಸಿಲ್ಕ್’ ಎಂದು ಹೇಳಿ ಮಾರುತ್ತಿದ್ದಲ್ಲಿ, ಆ ಎರಡು ಮಾತುಗಳಲ್ಲಿ ಒಂದಂತೂ ಸರಿಯಲ್ಲ ಎಂದು ತಿಳಿಯಬೇಕು. ವಿದ್ಯುತ್ ಮಗ್ಗದ್ದೆಂಬ ಕಾರಣಕ್ಕೆ ಸೀರೆಯ ಮೌಲ್ಯ ಕಡಿಮೆಯಾಗುವುದಿಲ್ಲ. ಸುಳ್ಳು ವಿವರಣೆಗೆ ಹಣ ಕೊಡಬೇಕಾಗಿಲ್ಲ ಎಂಬುದಷ್ಟೇ ಮುಖ್ಯ.

ಮೈಸೂರು ರೇಷ್ಮೆಯ ಗುಣ ಎಲ್ಲಿಂದ ಬರುತ್ತದೆ

ಮೈಸೂರು ಕ್ರೇಪ್ ರೇಷ್ಮೆ ಹಗುರವಾಗಿ, ಜಾರುವಂತೆ ಮೈಗೆ ಹೊಂದಿಕೊಳ್ಳುವುದಕ್ಕೆ ಕಾರಣ ಅದರ ಹುರಿ. ಹಾಸಿನ ನೂಲಿಗೆ ಹುರಿ ಕಡಿಮೆ. ಹೊಕ್ಕಿನ ನೂಲಿಗೆ ಮಾತ್ರ ಬಿಗಿಯಾದ ಹುರಿ ಕೊಟ್ಟು, ಬಲಕ್ಕೆ ತಿರುಚಿದ ಎಳೆಗಳನ್ನೂ ಎಡಕ್ಕೆ ತಿರುಚಿದ ಎಳೆಗಳನ್ನೂ ಸರದಿಯಂತೆ ಹಾಕಿ ನೇಯಲಾಗುತ್ತದೆ. ಮಗ್ಗದಿಂದ ಇಳಿದಾಗ ಬಟ್ಟೆ ಒರಟಾಗಿಯೇ ಇರುತ್ತದೆ. ಆನಂತರ ಸೋಪಿನ ನೀರಿನಲ್ಲಿ ಕುದಿಸಿ ರೇಷ್ಮೆಯ ಸಹಜ ಗೋಂದನ್ನು ತೆಗೆದಾಗ, ಹಿಡಿದಿಟ್ಟ ಹುರಿ ಸಡಿಲಗೊಂಡು ಬಟ್ಟೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ನೆರಿಗೆಗಳು ಏಳುತ್ತವೆ. ಕ್ರೇಪ್ ಎಂದರೆ ಇದೇ. ಬಣ್ಣವನ್ನು ಹಾಕುವುದು ಈ ಹಂತದ ನಂತರ. ನೂಲಿಗೆ ಮೊದಲೇ ಬಣ್ಣ ಹಾಕಿ ನೇಯುವ ಕಾಂಚೀಪುರದ ಸೀರೆಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಅದು. ಮೈಸೂರು ಸೀರೆಯ ಒಡಲು ಸಾಮಾನ್ಯವಾಗಿ ಏಕವರ್ಣವಾಗಿರುವುದಕ್ಕೂ ಅದೇ ಕಾರಣ.

ನಿಗಮದ ಸೀರೆಗಳ ಜರಿಯಲ್ಲಿ ಶೇಕಡ 65ರಷ್ಟು ಬೆಳ್ಳಿ ಮತ್ತು ಶೇಕಡ 0.65ರಷ್ಟು ಚಿನ್ನ ಇರುತ್ತದೆ. ಪ್ರತಿ ಸೀರೆಗೂ ಹೊಲೊಗ್ರಾಮ್ ಮತ್ತು ಬಟ್ಟೆಯಲ್ಲೇ ಕಸೂತಿಯಂತೆ ಹಾಕಿದ ಪ್ರತ್ಯೇಕ ಸಂಕೇತ ಸಂಖ್ಯೆ ಇರುತ್ತದೆ. ರಸೀದಿಯ ಜೊತೆಗೆ ಈ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಬೆಲೆಯನ್ನು ಮನೆಯಲ್ಲೇ ಲೆಕ್ಕ ಹಾಕುವ ಕ್ರಮ

ಆಷಾಢದಲ್ಲಿ ಮದುವೆಗಳಿಲ್ಲದ ಕಾರಣ ಅಂಗಡಿಗಳು ಭಾರಿ ರಿಯಾಯಿತಿ ಘೋಷಿಸುತ್ತವೆ. ಶ್ರಾವಣದ ವರಮಹಾಲಕ್ಷ್ಮಿ ವ್ರತದಿಂದ ದಸರಾ, ದೀಪಾವಳಿಯವರೆಗೆ ಬೇಡಿಕೆ ಏರುತ್ತದೆ. ಮಾಘದಿಂದ ಜ್ಯೇಷ್ಠದವರೆಗೆ ಮದುವೆಯ ಖರೀದಿ. ನಂಜನಗೂಡಿನ ದೊಡ್ಡ ಜಾತ್ರೆಯೂ ಇದೇ ಅವಧಿಯಲ್ಲಿ ಬರುತ್ತದೆ. ಈ ಏರಿಳಿತಗಳ ನಡುವೆ ರಿಯಾಯಿತಿಯ ಶೇಕಡಾವಾರು ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ಕೆಳಗಿನ ಲೆಕ್ಕ ಹೆಚ್ಚು ನಂಬಿಕೆಗೆ ಅರ್ಹ.

ಒಂದು ಸೀರೆಯಲ್ಲಿ ಜರಿಯನ್ನು ಬಿಟ್ಟು 400 ಗ್ರಾಂ ರೇಷ್ಮೆ ಇದೆ ಎಂದು ಭಾವಿಸೋಣ. ಗೋಂದು ತೆಗೆಯುವಾಗ ಕಚ್ಚಾ ರೇಷ್ಮೆಯ ತೂಕದಲ್ಲಿ ಸುಮಾರು ಕಾಲು ಭಾಗ ಕಳೆದುಹೋಗುತ್ತದೆ. ಅಂದರೆ ಆ ಸೀರೆಗೆ ಸುಮಾರು 530 ಗ್ರಾಂ ಕಚ್ಚಾ ನೂಲು ಬೇಕು. ಒಂದು ಕಿಲೋ ಕಚ್ಚಾ ನೂಲಿಗೆ ಸುಮಾರು ಏಳು ಕಿಲೋ ಮಿಶ್ರತಳಿ ಗೂಡು ಹಿಡಿಯುವುದರಿಂದ, ಸೀರೆಯೊಂದಕ್ಕೆ ಹತ್ತಿರ ಹತ್ತಿರ ನಾಲ್ಕು ಕಿಲೋ ಗೂಡು ಬೇಕಾಯಿತು. ರಾಮನಗರ, ಕೊಳ್ಳೇಗಾಲ ಮುಂತಾದ ಸರ್ಕಾರಿ ಗೂಡಿನ ಮಾರುಕಟ್ಟೆಗಳ ದರವನ್ನು ರೇಷ್ಮೆ ಇಲಾಖೆಯು ಪ್ರಕಟಿಸುತ್ತದೆ. ಆ ದಿನದ ದರವನ್ನು ನಾಲ್ಕರಿಂದ ಗುಣಿಸಿದರೆ ರೈತನಿಗೆ ಸಲ್ಲುವ ಮೊತ್ತ ಸಿಗುತ್ತದೆ. ನೂಲು ಬಿಚ್ಚುವವರು, ಹುರಿ ಮಾಡುವವರು, ನೇಯುವವರು, ಬಣ್ಣ ಹಾಕುವವರು, ಜರಿ, ಅಂಗಡಿಯ ಬಾಡಿಗೆ ಇವು ಯಾವುವೂ ಇನ್ನೂ ಸೇರಿಲ್ಲ. ಅಷ್ಟೇ ತೂಕದ ‘ಶುದ್ಧ ರೇಷ್ಮೆ’ ಸೀರೆಯೊಂದು ಗೂಡಿನ ಬೆಲೆಗಿಂತಲೂ ಕಡಿಮೆಗೆ ದೊರೆಯುತ್ತಿದ್ದರೆ, ಅದು ಶುದ್ಧ ರೇಷ್ಮೆಯಾಗಿರಲು ಸಾಧ್ಯವಿಲ್ಲ. ಹಿಪ್ಪುನೇರಳೆ ಬೆಳೆದು ಹುಳು ಸಾಕಿದ ಮನೆಗಳವರಿಗೆ ಈ ಲೆಕ್ಕವನ್ನು ವಿವರಿಸಬೇಕಾದ ಅಗತ್ಯವಿಲ್ಲ. ಆದರೂ ಅಂಗಡಿಯ ದೀಪದ ಬೆಳಕಿನಲ್ಲಿ ಅದು ಮರೆತುಹೋಗುವುದುಂಟು.

ಖಾದಿಯ ಲೆಕ್ಕ ಬೇರೆ ರೀತಿಯದು. ನೂಲುವವರಿಗೆ ಲಡಿಯ ಮೇಲೆ ಕೂಲಿ ನೀಡಲಾಗುತ್ತದೆ. ಒಂದು ಲಡಿ ಎಂದರೆ 1,000 ಮೀಟರ್ ನೂಲು. ಖಾದಿ ಆಯೋಗವು 2023ರ ಏಪ್ರಿಲ್‌ನಲ್ಲಿ ಲಡಿಯೊಂದರ ಕೂಲಿಯನ್ನು ಏಳೂವರೆ ರೂಪಾಯಿಯಿಂದ ಹತ್ತಕ್ಕೆ, 2024ರ ಅಕ್ಟೋಬರ್‌ನಲ್ಲಿ ಹನ್ನೆರಡೂವರೆಗೆ, 2025ರ ಏಪ್ರಿಲ್‌ನಲ್ಲಿ ಹದಿನೈದು ರೂಪಾಯಿಗೆ ಏರಿಸಿತು. ಅಂಗುಲಕ್ಕೆ ಹಾಸಿನಲ್ಲಿ 40, ಹೊಕ್ಕಿನಲ್ಲಿ 40 ಎಳೆಗಳಿರುವ, 36 ಅಂಗುಲ ಅಗಲದ ಬಟ್ಟೆಯ ಒಂದು ಮೀಟರಿಗೆ ಸುಮಾರು 2,900 ಮೀಟರ್ ನೂಲು ಬೇಕು. ಅಂದರೆ ಮೂರು ಲಡಿ. ಹೊಸ ದರದಲ್ಲಿಯೂ ಒಂದು ಮೀಟರಿಗೆ ನೂಲುವ ಮಹಿಳೆಗೆ ಸೇರುವುದು ಸುಮಾರು 45 ರೂಪಾಯಿ. ಗಿರಣಿ ನೂಲಿನ ಬಟ್ಟೆಯನ್ನು ಖಾದಿ ಎಂದು ಮಾರಿದಾಗ ಗ್ರಾಹಕರು ಕಳೆದುಕೊಳ್ಳುವುದು ಕೆಲವು ನೂರು ರೂಪಾಯಿ. ನೂಲುವವರು ಕಳೆದುಕೊಳ್ಳುವುದು ಈ ಕೂಲಿಯ ಪೂರ್ಣ ಮೊತ್ತ.

ಪದವೊಂದರ ವ್ಯಾಖ್ಯೆ ಬದಲಾದರೆ ಕೆಲಸವೂ ಬದಲಾಗುತ್ತದೆ ಎಂಬುದಕ್ಕೆ ರಾಷ್ಟ್ರಧ್ವಜವೇ ಉದಾಹರಣೆ. 2021ರ ಡಿಸೆಂಬರ್ 30ರ ತಿದ್ದುಪಡಿಯವರೆಗೆ ಧ್ವಜವು ಕೈಯಿಂದ ನೂತು ನೇಯ್ದ ಬಟ್ಟೆಯದಾಗಿರಬೇಕಿತ್ತು. ತಿದ್ದುಪಡಿಯ ನಂತರ ಯಂತ್ರದಿಂದ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶವಾಯಿತು. ಹುಬ್ಬಳ್ಳಿಯ ಬೆಂಗೇರಿಯ ಖಾದಿ ಧ್ವಜ ತಯಾರಕರು ಅಂದಿನಿಂದ ಯಂತ್ರದ ಬೆಲೆಯೊಂದಿಗೆ ಸ್ಪರ್ಧಿಸಬೇಕಾಗಿದೆ.

ಖರೀದಿಯ ಸಮಯದ ಪರೀಕ್ಷೆಗಳು

ಸೀರೆಯ ಅಂಚಿನ ಕುಚ್ಚಿನಿಂದ ಹಾಸಿನ ಒಂದೆರಡು ಎಳೆ ಹಾಗೂ ಹೊಕ್ಕಿನ ಒಂದೆರಡು ಎಳೆಗಳನ್ನು ವ್ಯಾಪಾರಿಯ ಒಪ್ಪಿಗೆಯೊಂದಿಗೆ ಬಿಡಿಸಿಕೊಂಡು ಬೇರೆ ಬೇರೆಯಾಗಿ ಸುಡಬೇಕು. ರೇಷ್ಮೆಯು ನಿಧಾನವಾಗಿ ಉರಿದು, ಕೂದಲು ಸುಟ್ಟ ವಾಸನೆ ನೀಡಿ, ಬೆರಳಿನಲ್ಲಿ ಪುಡಿಯಾಗುವ ಕಪ್ಪು ಬೂದಿಯನ್ನು ಉಳಿಸುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿ ಮತ್ತು ‘ಆರ್ಟ್ ಸಿಲ್ಕ್’ ಹೆಸರಿನಲ್ಲಿ ಮಾರಾಟವಾಗುವ ವಿಸ್ಕೋಸ್ ಕಾಗದ ಸುಟ್ಟಂತೆ ವಾಸನೆ ಬೀರುತ್ತವೆ. ಎರಡೂ ದಿಕ್ಕಿನ ಎಳೆಗಳನ್ನು ನೋಡಬೇಕೆನ್ನಲು ಕಾರಣವಿದೆ: ಹಾಸು ಒಂದು ನಾರಿನದು, ಹೊಕ್ಕು ಇನ್ನೊಂದರದು ಆಗಿರುವ ಮಿಶ್ರ ಬಟ್ಟೆಗಳು ಬಹಳ. ಅವು ಎಲ್ಲವೂ ಮೋಸವಲ್ಲ. ಇಳಕಲ್ ಸೀರೆಯಲ್ಲಿ ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ‘ಟೋಪ್ ತೆಣಿ’ ಕ್ರಮದಲ್ಲಿ ಜೋಡಿಸುವುದು ಅದರ ಪರಂಪರೆಯೇ ಆಗಿದೆ. ಏನು ಮಾರುತ್ತಿದ್ದೇವೆ ಎಂದು ಹೇಳಿ ಮಾರಿದರೆ ಮಿಶ್ರ ಬಟ್ಟೆಗೆ ಯಾವ ದೋಷವೂ ಇಲ್ಲ.

ಸಾಂಪ್ರದಾಯಿಕ ಶುದ್ಧ ಜರಿಯಲ್ಲಿ ರೇಷ್ಮೆ ಎಳೆಯ ಮೇಲೆ ಬೆಳ್ಳಿಯ ತಂತಿಯನ್ನು ಸುತ್ತಿ ಚಿನ್ನದ ಲೇಪ ಕೊಟ್ಟಿರುತ್ತಾರೆ. ಅನುಕರಣೆಯ ಜರಿಯಲ್ಲಿ ಬೆಳ್ಳಿಯ ಬದಲು ತಾಮ್ರ ಅಥವಾ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಕೆರೆದಾಗ ಒಳಗೆ ಬಿಳಿಯ ಹೊಳಪು ಕಂಡರೆ ಬೆಳ್ಳಿಯ ಸೂಚನೆ, ಕೆಂಪು ಲೋಹ ಕಂಡರೆ ತಾಮ್ರದ ಸೂಚನೆ ಎಂದು ತಿಳಿಯಬಹುದಾದರೂ, ಖಚಿತ ಪ್ರಮಾಣವು ಪ್ರಯೋಗಾಲಯದಿಂದ ಮಾತ್ರ ದೊರೆಯುತ್ತದೆ. ಹಾಗೆಯೇ ಅಂಚಿನ ಸೂಜಿ ರಂಧ್ರಗಳನ್ನಷ್ಟೇ ನೋಡಿ ಕೈಮಗ್ಗವೆಂದು ನಿರ್ಧರಿಸಬಾರದು. ವಿದ್ಯುತ್ ಮಗ್ಗದ ಬಟ್ಟೆಯಲ್ಲಿಯೂ ಅವು ಇರಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ರಸೀದಿ. ಅದರಲ್ಲಿ ‘ಸೀರೆ – 1’ ಎಂದಷ್ಟೇ ಬರೆಯಿಸಿಕೊಂಡು ಬಂದರೆ ಮುಂದೆ ದೂರಿಗೆ ಆಧಾರವೇ ಇರುವುದಿಲ್ಲ. ‘ಶುದ್ಧ ರೇಷ್ಮೆ, ಶುದ್ಧ ಜರಿ’ ಅಥವಾ ‘ಕೈಮಗ್ಗದ ಹತ್ತಿ’ ಎಂದು ವ್ಯಾಪಾರಿಯು ಬಾಯಲ್ಲಿ ಹೇಳಿದ್ದನ್ನೇ ರಸೀದಿಯಲ್ಲಿ ಬರೆಯುವಂತೆ ಕೇಳಬೇಕು. ಬರೆಯಲು ಹಿಂಜರಿಯುವ ಅಂಗಡಿಯಲ್ಲಿ ಖರೀದಿಸದಿರುವುದೇ ಮೇಲು.

ಇಂದಿನ ಉಡುಪುಗಳಲ್ಲಿ ಸಾಂಪ್ರದಾಯಿಕ ಬಟ್ಟೆ

ಖಣದ ಬಟ್ಟೆಯು ರವಿಕೆಯನ್ನು ದಾಟಿ ಕುರ್ತಾ, ಲಂಗ, ಕೈಚೀಲಗಳಿಗೂ ಬಂದಿದೆ. ಗವಂತಿ, ಮುರ್ಗಿ, ನೇಗಿ, ಮೆಂತಿ ಹೊಲಿಗೆಗಳ ಕಸೂತಿಯು ಶರ್ಟು ಮತ್ತು ದುಪ್ಪಟ್ಟಾಗಳ ಮೇಲೆ ಕಾಣಿಸುತ್ತದೆ. ಬಟ್ಟೆಯ ಎಳೆಗಳನ್ನು ಎಣಿಸಿ ಹಾಕಿದ ಕೈಕಸೂತಿಯನ್ನು ಹಿಂಬದಿ ತಿರುಗಿಸಿ ನೋಡಿದರೆ ಯಂತ್ರದ ಕಸೂತಿಯಿಂದ ಬೇರ್ಪಡಿಸುವುದು ಕಷ್ಟವಲ್ಲ. ಸಾಗರ ತಾಲ್ಲೂಕಿನ ಭೀಮನಕೋಣೆಯ ಚರಕ ಸಂಸ್ಥೆಯು ನೈಸರ್ಗಿಕ ಬಣ್ಣದ ಕೈಮಗ್ಗದ ಹತ್ತಿಯಿಂದ ಸಿದ್ಧ ಉಡುಪುಗಳನ್ನು ತಯಾರಿಸಿ, ಈ ಬಟ್ಟೆ ಕೇವಲ ಹಿರಿಯರಿಗಲ್ಲ ಎಂಬುದನ್ನು ತೋರಿಸಿಕೊಟ್ಟಿತು.

ಖಾದಿ ಬಟ್ಟೆಯನ್ನು ಮೀಟರಿನ ಲೆಕ್ಕದಲ್ಲಿ ಕೊಂಡು ಹೊಲಿಸುವವರು ಎರಡು ವಿಷಯಗಳನ್ನು ನೆನಪಿಡಬೇಕು. ಅನೇಕ ಖಾದಿ ಬಟ್ಟೆಗಳ ಅಗಲ 36 ಅಂಗುಲ ಮಾತ್ರ. ಗಿರಣಿ ಬಟ್ಟೆಯ ಅಳತೆಯಲ್ಲಿ ಕೊಂಡರೆ ತೋಳಿಗೆ ಬಟ್ಟೆ ಸಾಲದು. ಹೊಲಿಯುವ ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸದಿದ್ದರೆ, ಹೊಲಿದ ನಂತರದ ಮೊದಲ ಒಗೆತದಲ್ಲಿ ಕುಗ್ಗುತ್ತದೆ. ಮಾರ್ಚ್‌ನಿಂದ ಮೇ ವರೆಗಿನ ಬಿಸಿಲಿಗೆ ಬೆವರನ್ನು ಹೀರುವ ಈ ಬಟ್ಟೆಯಷ್ಟು ಹಿತವಾದದ್ದು ಕಡಿಮೆ. ಖಾದಿ ಭಂಡಾರಗಳು ಗಾಂಧಿ ಜಯಂತಿಯ ಆಸುಪಾಸಿನಲ್ಲಿ ರಿಯಾಯಿತಿ ನೀಡುವುದರಿಂದ, ಬೇಸಿಗೆಯ ಬಟ್ಟೆಯನ್ನು ಅಕ್ಟೋಬರ್‌ನಲ್ಲಿಯೇ ಕೊಂಡಿಡುವುದು ಲಾಭಕರ.

ತಾಯಿ ಅಥವಾ ಅಜ್ಜಿಯ ಹಳೆಯ ಮೈಸೂರು ಸೀರೆಯನ್ನು ಕುರ್ತಾ ಅಥವಾ ಲಂಗವಾಗಿ ಪರಿವರ್ತಿಸುವ ರೂಢಿ ಹೆಚ್ಚುತ್ತಿದೆ. ಮಡಿಕೆಯ ಗೆರೆಗಳಲ್ಲಿ ಬಟ್ಟೆ ಸೀಳಿದ್ದರೆ ಆ ಭಾಗವನ್ನು ಬಿಟ್ಟು ಕತ್ತರಿಸಬೇಕು. ಕ್ರೇಪ್ ಬಟ್ಟೆಯು ಹೊಲಿಗೆಯ ಬಳಿ ಸರಿಯುವ ಕಾರಣ ಒಳಗೆ ತೆಳು ಹತ್ತಿಯ ಅಸ್ತರ್ ಹಾಕಿಸುವುದು ಅವಶ್ಯ. ಜರಿ ಬಹಳ ಹಳೆಯದಾಗಿದ್ದಲ್ಲಿ, ಕತ್ತರಿಸಿ ಉಳಿದ ಅಂಚನ್ನು ಎಸೆಯುವ ಮೊದಲು ಅದರಲ್ಲಿರುವ ಬೆಳ್ಳಿಯನ್ನು ನೆನೆಯಬೇಕು. ರೇಷ್ಮೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಡದೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ಮಳೆಗಾಲದ ನಂತರ ಗಾಳಿಗೆ ಹರಡಿ, ಮಡಿಕೆ ಬದಲಿಸಿ ಇಡಬೇಕು. ಸುಗಂಧ ದ್ರವ್ಯವನ್ನು ನೇರವಾಗಿ ಜರಿಯ ಮೇಲೆ ಸಿಂಪಡಿಸಬಾರದು.

ದೂರು ಸಲ್ಲಿಸುವ ಕ್ರಮ

ಬಟ್ಟೆಯ ನಾರಿನ ಬಗ್ಗೆ ಸಂದೇಹ ಬಂದಲ್ಲಿ, ಮೊದಲು ಸಿಲ್ಕ್ ಮಾರ್ಕ್ ಸಂಸ್ಥೆಯ ಪರೀಕ್ಷಾ ಕೇಂದ್ರದಲ್ಲಿ ತಪಾಸಣೆ ಮಾಡಿಸಬಹುದು. ನಂತರ ವ್ಯಾಪಾರಿಗೆ ಲಿಖಿತವಾಗಿ ತಿಳಿಸಿ ಬದಲಿ ಬಟ್ಟೆ ಅಥವಾ ಹಣ ವಾಪಸು ಕೇಳಬೇಕು. ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಅಥವಾ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಮೇರೆಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು.

ಈ ಅಧಿನಿಯಮವು 2020ರ ಜುಲೈ 20ರಂದು ಜಾರಿಗೆ ಬಂದ ಮೇಲೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ನೀಡಲು ಅವಕಾಶವಾಗಿದೆ. ಬೆಂಗಳೂರಿನ ಅಂಗಡಿಯಲ್ಲಿ ಕೊಂಡ ಸೀರೆಯಾದರೂ, ಆನ್‌ಲೈನ್ ಮೂಲಕ ತರಿಸಿದ್ದಾದರೂ, ಹೆಮ್ಮಿಗೆಯ ನಿವಾಸಿಗಳು ಮೈಸೂರಿನ ಜಿಲ್ಲಾ ಆಯೋಗವನ್ನು ಸಂಪರ್ಕಿಸಬಹುದು. ಪಾವತಿಸಿದ ಮೊತ್ತ ಐದು ಲಕ್ಷ ರೂಪಾಯಿ ಮೀರದಿದ್ದಲ್ಲಿ ಶುಲ್ಕವಿರುವುದಿಲ್ಲ. ವ್ಯಾಜ್ಯದ ಕಾರಣ ಉಂಟಾದ ಎರಡು ವರ್ಷಗಳೊಳಗೆ ದೂರು ದಾಖಲಾಗಬೇಕು. ವಕೀಲರನ್ನು ನೇಮಿಸಿಕೊಳ್ಳುವುದು ಕಡ್ಡಾಯವಲ್ಲ.

ಸರಕಿನ ದೋಷವನ್ನು ಪರೀಕ್ಷೆಯಿಲ್ಲದೆ ನಿರ್ಧರಿಸಲಾಗದಿದ್ದರೆ ಆಯೋಗವು ಮಾದರಿಯನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳುಹಿಸುತ್ತದೆ. ವರದಿಗೆ ಸಾಮಾನ್ಯವಾಗಿ 45 ದಿನಗಳ ಕಾಲಾವಕಾಶವಿದೆ. ಆದುದರಿಂದ ಸಂದೇಹ ಬಂದ ಸೀರೆಯನ್ನು ಒಗೆಯದೆ, ಫಾಲ್ ಹೊಲಿಸದೆ, ಅಂಗಡಿಯ ಚೀಟಿಯನ್ನು ಕಿತ್ತುಹಾಕದೆ ಹಾಗೆಯೇ ಇಟ್ಟುಕೊಳ್ಳಬೇಕು. ದೂರಿನೊಂದಿಗೆ ರಸೀದಿಯ ಪ್ರತಿ, ಚೀಟಿಯ ಮೇಲಿನ ಸಂಖ್ಯೆ, ಪರೀಕ್ಷಾ ವರದಿ ಇದ್ದಲ್ಲಿ ಅದರ ಪ್ರತಿ ಮತ್ತು ವ್ಯಾಪಾರಿಗೆ ಬರೆದ ಪತ್ರದ ಪ್ರತಿಯನ್ನು ಲಗತ್ತಿಸಬೇಕು.